ಹಳದಿ ನಿಲುವಂಗಿಯ ರಜೆಗಳು

ಊರಿನ ಮಕ್ಕಳಿಗೆಲ್ಲ ರಜೆ ಬಂದಾಗ ಅವಳಿಗೆ ಕೆಲಸ ಬರುತ್ತಿತ್ತು. ಶಾಲೆಯ ಯೂನಿಫಾರ್ಮ್ ಹೊಲಿಯುವವರ ಹಣೆಬರಹವೇ ಅಷ್ಟು. ಪರೀಕ್ಷೆ ಮುಗಿಸಿ ಮಕ್ಕಳು ಕುಣಿಯುತ್ತ ಮನೆ ಸೇರಿದ ಮಾರನೆಯ ದಿನವೇ ತಾಯಂದಿರು ಹೋದ ವರ್ಷದ ಅಂಗಿ ಚಡ್ಡಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. "ಇದೇ ಅಳತೆ ಅಕ್ಕ, ಎರಡು ಬೆರಳು ಜಾಸ್ತಿ ಬಿಡಿ" ಎನ್ನುವುದು ಎಲ್ಲರದೂ ಒಂದೇ ಪಲ್ಲವಿ. ಮಗುವನ್ನೇ ಕರೆದುಕೊಂಡು ಬನ್ನಿ ಎಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ರಜೆಯಲ್ಲಿ ಮಕ್ಕಳನ್ನು ಹಿಡಿದು ತರುವುದೆಂದರೆ ಸುಮ್ಮನೆ ಮಾತೇ? ಹಾಗಾಗಿ ಇಪ್ಪತ್ತು ವರ್ಷ ಅವಳು ಹೊಲಿದದ್ದೆಲ್ಲ ಎದುರಿಗೆ ಇಲ್ಲದ ಮೈಗಳಿಗೆ. ಅಳತೆಗೆ ಕೊಟ್ಟ ಹಳೆಯ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸುಕ್ಕು ತೀಡಿದರೆ ಸಾಕು, ಈ ಹುಡುಗ ಒಂದು ಭುಜ ಇಳಿಸಿ ನಡೆಯುತ್ತಾನೆ, ಈ ಹುಡುಗಿ ಬಲ ಜೇಬಿನಲ್ಲಿ ಕಲ್ಲು ತುಂಬಿಕೊಳ್ಳುತ್ತಾಳೆ ಎಂದು ತಿಳಿದುಬಿಡುತ್ತಿತ್ತು. ಬೀದಿಯವರು ಅವಳನ್ನು ಯೂನಿಫಾರ್ಮ್ ಅಕ್ಕ ಎನ್ನುತ್ತಿದ್ದರು.

ಮದುವೆಯ ವಯಸ್ಸಿನಲ್ಲಿ ಅವಳಿಗೆ ಮಷೀನಿನಿಂದ ತಲೆಯೆತ್ತಲು ಪುರುಸೊತ್ತಿರಲಿಲ್ಲ, ಪುರುಸೊತ್ತು ಸಿಕ್ಕಾಗ ವಯಸ್ಸಿರಲಿಲ್ಲ. ಮೂವತ್ತಾರನೆಯ ವರ್ಷದಲ್ಲಿ ಅಂಗಡಿಗೆ ಒಬ್ಬ ಗಂಡಸು ಬಂದ. ಕೈಯಲ್ಲಿ ಅಳತೆಯ ಬಟ್ಟೆ ಇಲ್ಲ, ಬದಲಿಗೆ ಎರಡು ಮಕ್ಕಳು. ಅಳತೆಗೆ ಮಕ್ಕಳನ್ನೇ ಕರೆತಂದ ಮೊದಲ ಗಿರಾಕಿ ಅವನು. ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಅವನ ಕೆಲಸ. ಊರವರನ್ನೆಲ್ಲ ಮೇಲೆ ಕೆಳಗೆ ಕಳಿಸುವ ಮನುಷ್ಯ, ಹೆಂಡತಿ ತೀರಿಕೊಂಡ ಮೇಲೆ ತಾನು ಮಾತ್ರ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನಂತೆ ನಿಂತಿದ್ದ. ಒಂಬತ್ತು ವರ್ಷದ ಮಗಳು, ಎಲ್ಲರೂ ದೊಡ್ಡವಳು ಎನ್ನುವರು. ಮೂರು ವರ್ಷದ ಮಗ, ಅವನು ಗುಂಡ. ಹುಟ್ಟುವಾಗ ಗುಂಡಗಿದ್ದನಂತೆ, ಈಗ ನೋಡಿದರೆ ಪೊರಕೆಕಡ್ಡಿ. ದೊಡ್ಡವಳ ಯೂನಿಫಾರ್ಮಿಗೆ ಭುಜದ ಅಳತೆ ತೆಗೆಯುವಾಗ ಆ ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಗುಂಡ ಟೇಪಿನ ತುದಿ ಹಿಡಿದು ಬಿಡಲೇ ಇಲ್ಲ. ನಾಲ್ಕು ತಿಂಗಳಿಗೆ ಮದುವೆಯಾಯಿತು.

ಮಕ್ಕಳು ಅವಳನ್ನು ಏನೆಂದು ಕರೆಯಬೇಕು ಎನ್ನುವುದನ್ನು ತೀರ್ಮಾನಿಸಿದವಳು ಗಂಡನ ಅಕ್ಕ. "ಅಮ್ಮ ಅನ್ನಿ ಅಂತ ಬಲವಂತ ಮಾಡೋದು ಬೇಡ. ಚಿಕ್ಕಿ ಅನ್ಲಿ," ಎಂದಳು. ಚಿಕ್ಕಿ ಎಂದೇ ಆಯಿತು, ಜೊತೆಗೆ 'ನೀವು, ತಾವು' ಎನ್ನುವ ಮರ್ಯಾದೆ. ತೀರಿಕೊಂಡ ತಾಯಿಯನ್ನು ಮಕ್ಕಳು 'ಅವಳು' ಎನ್ನುತ್ತಿದ್ದರು. ಅಂಗಡಿಗೆ ಬರುವ ಹೆಂಗಸರು ಈ ಮರ್ಯಾದೆ ನೋಡಿ ಮೆಚ್ಚಿಕೊಂಡದ್ದೇ ಮೆಚ್ಚಿಕೊಂಡದ್ದು. ಅವಳಿಗೆ ಮಾತ್ರ ಆ 'ನೀವು' ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು.

ಆ ಮನೆಗೆ ಬಂದ ಮೊದಲ ಬೇಸಿಗೆ ರಜೆಯಲ್ಲಿ ಗಂಡ ಒಂದು ನೋಟ್‌ಬುಕ್ ತಂದು ಅವಳ ಮುಂದಿಟ್ಟ. ಕಂದು ರಟ್ಟಿನ, ನೂರು ಹಾಳೆಯ, ಮಾಮೂಲಿ ಶಾಲೆಯ ನೋಟ್‌ಬುಕ್. ಮೊದಲ ಹೆಂಡತಿ ಪುಟ್ಟ ಮಕ್ಕಳ ಶಾಲೆಯ ಟೀಚರ್ ಆಗಿದ್ದವಳು. ಅಕ್ಷರ ಮುತ್ತು ಪೋಣಿಸಿದ ಹಾಗೆ.

"ರಜೆಯಲ್ಲಿ ಇದರ ಪ್ರಕಾರ ನಡೀತಿತ್ತು," ಎಂದ. "ಮಕ್ಕಳಿಗೆ ಏನೂ ತಪ್ಪಬಾರದು ನೋಡು."

ಅಷ್ಟು ಹೇಳಿ ಅವನು ಎದ್ದು ಹೋದ. ಅವಳು ಹೆಚ್ಚು ಕೇಳಲಿಲ್ಲ, ಪುಟ ತಿರುವಿದಳು.

'ರಜೆಯ ಮೊದಲ ದಿನ. ಶಾಲೆಯ ಚೀಲಗಳನ್ನು ಒಳಮೈ ಹೊರಗೆ ಮಾಡಿ ಒಗೆಯುವುದು. ಮಕ್ಕಳೇ ಉಜ್ಜಬೇಕು. ನಾನು ನೀರು ಹಾಕುತ್ತೇನೆ.' 'ಗಾಳಿ ಎದ್ದ ದಿನ ಕೆರೆದಂಡೆ. ಗಾಳಿಪಟ. ದಾರ ದೊಡ್ಡವಳ ಕೈಗೆ, ಪಟ ಹಿಡಿದು ನಾನು ಓಡುತ್ತೇನೆ.' 'ಮೊದಲ ಮಳೆ. ಕಾಗದದ ದೋಣಿ. ಯಾರ ದೋಣಿ ಮೊದಲು ಮುಳುಗುತ್ತದೋ ಅವರು ಹಾಡಬೇಕು. ನನ್ನದೇ ಮೊದಲು ಮುಳುಗುವ ಹಾಗೆ ಮಾಡುತ್ತೇನೆ.' 'ಚಳಿಯ ರಜೆ. ಉದುರಿದ ಎಲೆಗಳನ್ನು ರಾಶಿ ಹಾಕಿ ಅದರ ಮೇಲೆ ಹಾರುವುದು. ನಾನೂ ಹಾರುತ್ತೇನೆ.'

ಪುಟಪುಟದಲ್ಲೂ ಈ 'ನಾನು'. ಮನಸ್ಸಿನಲ್ಲಿ ಓದಿಕೊಂಡರೂ ಅದು ತನ್ನದೇ ದನಿಯಲ್ಲಿ ಕೇಳುತ್ತಿತ್ತು. ನಾನು ಓಡುತ್ತೇನೆ, ನಾನು ಹಾರುತ್ತೇನೆ. ಯಾರು ಹಾರಬೇಕು ಈಗ? ಗೋಡೆಯ ಮೇಲಿನ ಫೋಟೋದಲ್ಲಿ ಹಳದಿ ನಿಲುವಂಗಿ ತೊಟ್ಟ ಸಣಕಲು ಹೆಂಗಸು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಇವಳತ್ತಲೇ ನೋಡುತ್ತಿದ್ದಳು. ಎದುರಿಗಿಲ್ಲದವರ ಅಳತೆಗೆ ಹೊಲಿಯುವುದು ತನ್ನ ಕಸುಬೇ ತಾನೇ ಎಂದು ಧೈರ್ಯ ತಂದುಕೊಂಡಳು.

ಮೂಗು ತೂರಿಸುವುದರಲ್ಲಿ ಗಂಡನ ಅಕ್ಕನನ್ನು ಮೀರಿಸುವವರಿಲ್ಲ. ಆದರೆ ಕೆಟ್ಟವಳಲ್ಲ. ಅವಳೇ ಪೆಟ್ಟಿಗೆಯಿಂದ ಆ ಹಳದಿ ನಿಲುವಂಗಿ ತೆಗೆದುಕೊಟ್ಟಳು.

"ಕೆರೆಗೆ ಹೋಗೋವಾಗ ಇದನ್ನ ಹಾಕ್ಕೊಂಡು ಹೋಗು. ಹೋದ ವರ್ಷ ಚಿಕ್ಕದು ಹಳದಿ ಬಟ್ಟೆ ಕಂಡಲ್ಲೆಲ್ಲ ಓಡಿ ಹೋಗಿ, ಮುಖ ನೋಡಿ, ಅತ್ತು ಅತ್ತು ಎಲ್ಲರ ರಜೆ ಹಾಳು ಮಾಡ್ತು. ಬಟ್ಟೆಗೇನು, ಬಟ್ಟೆ ಬಟ್ಟೆನೇ."

ಹೊಲಿಯುವವಳಿಗೆ ಆ ಮಾತು ಸರಿಯೆನಿಸಿತು. ಎಷ್ಟು ಮನೆಗಳಲ್ಲಿ ಅಕ್ಕನ ಅಂಗಿ ತಂಗಿಗೆ ಬರುವುದಿಲ್ಲ? ಆದರೆ ನಿಲುವಂಗಿ ಇವಳ ಮೈಗೆ ಬಿಗಿ. ಎರಡು ಮಗ್ಗುಲಿನ ಹೊಲಿಗೆ ಬಿಚ್ಚಿದಳು. ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿದ್ದರು, ಯಾರೋ ತನಗಾಗಿಯೇ ಜಾಗ ಇಟ್ಟಂತೆ. ಬಿಸಿಲು ಕಾಣದ ಆ ಪಟ್ಟಿ ಕಡು ಹಳದಿಯಾಗಿತ್ತು. ಒಂದು ಗಂಟೆಯ ಕೆಲಸ, ಕೈ ಮಾತ್ರ ಯಾಕೋ ತಣ್ಣಗಾಗಿತ್ತು.

ಗಾಳಿ ಎದ್ದ ದಿನ ಅದನ್ನು ತೊಟ್ಟು ಹೊರಬಂದಳು. ಗಂಡನಿಗೆ ಅವತ್ತು ಯಾವುದೋ ಲಿಫ್ಟು ಕೈಕೊಟ್ಟು ಕರೆ ಬಂದಿತ್ತು, ಮನೆಯಲ್ಲಿರಲಿಲ್ಲ. ಗುಂಡ ಮೂಲೆಯಲ್ಲಿ ಕೂತು ಡಬ್ಬಿ ಬಡಿಯುತ್ತಿದ್ದವನು ತಲೆಯೆತ್ತಿದ. ಡಬ್ಬಿ ಕೈಬಿಟ್ಟ. ಓಡಿಬಂದು ಅವಳ ಮೊಣಕಾಲುಗಳನ್ನು ಅಪ್ಪಿ, ಮುಖವನ್ನು ಹಳದಿ ಬಟ್ಟೆಯೊಳಗೆ ಹುದುಗಿಸಿ, "ಅಮ್ಮ" ಎಂದ.

ನಿಜ ಹೇಳಬೇಕೆಂದರೆ ಅವಳು ಹಿಂದಕ್ಕೆ ತಿರುಗಿ ನೋಡಿದಳು, ಬೆನ್ನ ಹಿಂದೆ ಯಾರಾದರೂ ನಿಂತಿರಬಹುದೇ ಎಂದು. ಯಾರೂ ಇರಲಿಲ್ಲ. ಬಾಗಿಲ ಬಳಿ ದೊಡ್ಡವಳು ನೋಡುತ್ತ ನಿಂತಿದ್ದಳು, ಅಷ್ಟೇ.

ಕೆರೆದಂಡೆಯಲ್ಲಿ ಅವಳು ಪಟ ಹಿಡಿದು ಓಡಿದಳು. ಚಪ್ಪಲಿಯ ಪಟ್ಟಿ ಕಿತ್ತು ಕೆಸರಿನಲ್ಲಿ ಅಂಗಾತ ಬಿದ್ದಳು. ಮೂವತ್ತಾರು ವರ್ಷದ ಹೆಂಗಸು, ಬೀದಿಗೆಲ್ಲ ಯೂನಿಫಾರ್ಮ್ ಅಕ್ಕ, ಕೆಸರಿನಲ್ಲಿ ಬಿದ್ದುಕೊಂಡು ಹೊಟ್ಟೆ ಹಿಡಿದು ನಕ್ಕಳು. ಗುಂಡ ಅವಳ ಹೊಟ್ಟೆಯ ಮೇಲೆ ಹತ್ತಿ ಕೂತು "ಅಮ್ಮ ಬಿದ್ಲು, ಅಮ್ಮ ಬಿದ್ಲು" ಎಂದು ಚಪ್ಪಾಳೆ ತಟ್ಟಿದ. ಬಾಳಿನಲ್ಲಿ ಅಷ್ಟು ಸುಖವಾಗಿ ಅವಳು ಎಂದೂ ನಕ್ಕಿರಲಿಲ್ಲ. ಸಂಜೆ ಮನೆಗೆ ಬಂದು ನಿಲುವಂಗಿ ಬಿಚ್ಚಿ, ತನ್ನ ಹಳೆಯ ಅಂಗಿ ತೊಟ್ಟು ಅಡುಗೆಮನೆಗೆ ಬಂದರೆ ಗುಂಡ ಲೋಟ ಹಿಡಿದು ನಿಂತಿದ್ದ. "ಚಿಕ್ಕಿ, ನೀರು ಕೊಡಿ."

ಆಮೇಲೆ ಮಳೆಗಾಲದ ರಜೆಗೂ ಅದನ್ನೇ ತೊಟ್ಟಳು, ಚಳಿಯ ರಜೆಗೂ ತೊಟ್ಟಳು, ಮುಂದಿನ ವರ್ಷವೂ ಬಿಡಲಿಲ್ಲ. ಮಕ್ಕಳ ಸಂತೋಷಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಶುದ್ಧ ಸುಳ್ಳು. ಆ ಒಂದು ಶಬ್ದ ಕೇಳುವುದಕ್ಕೆ ತೊಡುತ್ತಿದ್ದಳು. ವರ್ಷವಿಡೀ ಬೆನ್ನು ಬಗ್ಗಿಸಿ ಹೊಲಿದು, ಮೂಗು ಒರೆಸಿ, ಜ್ವರದಲ್ಲಿ ಎಚ್ಚರವಿದ್ದರೂ ಸಿಗದ ಶಬ್ದ ಈ ಬಟ್ಟೆಯೊಳಗೆ ಹೊಕ್ಕ ಕೂಡಲೇ ಸಿಗುತ್ತಿತ್ತು. ತೊಟ್ಟಾಗಲೆಲ್ಲ ಕುತ್ತಿಗೆಯ ಹಿಂದೆ ಯಾರೋ ಉಸಿರುಬಿಟ್ಟಂತೆ ಆಗುತ್ತಿತ್ತು. ಗಾಳಿ ಇರಬೇಕು ಎಂದುಕೊಂಡು ಕಿಟಕಿ ನೋಡಿದರೆ ಕಿಟಕಿ ಮುಚ್ಚಿರುತ್ತಿತ್ತು. ಎಲೆಯ ರಾಶಿಯ ಮೇಲೆ ಹಾರಿದಾಗ ಎರಡು ಮೈ ಬಿದ್ದಷ್ಟು ಸದ್ದಾಯಿತು ಎಂದು ಅವಳಿಗೆ ಒಮ್ಮೆ ಅನಿಸಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ನಿಲುವಂಗಿ ಪೆಟ್ಟಿಗೆ ಸೇರುತ್ತಿತ್ತು.

ಗುಂಡನಿಗೆ ಐದು ತುಂಬಿದಾಗ ತಿಳಿವಳಿಕೆ ಬಂತು. ಹಳದಿ ಬಟ್ಟೆಯ ಮೇಲಿನ ಮುಖವನ್ನು ದಿಟ್ಟಿಸಿ ನೋಡಿ, "ಚಿಕ್ಕಿ, ಇದು ಅಮ್ಮಂದಲ್ವಾ?" ಎಂದ. ಅವತ್ತೇ ಅವಳು ಅದನ್ನು ಒಗೆದು ಮಡಿಚಿ ಒಳಗಿಟ್ಟಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು. ರಜೆಗಳು ನೋಟ್‌ಬುಕ್ಕಿನ ಪ್ರಕಾರವೇ ನಡೆದವು. ಚೀಲಗಳು ಒಗೆಸಿಕೊಂಡವು, ಪಟಗಳು ಹಾರಿದವು, ದೋಣಿಗಳು ಮುಳುಗಿದವು. ಅವಳು ಬರೀ ಚಿಕ್ಕಿಯಾಗಿಯೇ ಓಡಿದಳು.

ಗುಂಡನಿಗೆ ಏಳಾದ ವರ್ಷ, ಚಳಿಯ ರಜೆಗೆ ಮುಂಚೆ, ಶಾಲೆಯಲ್ಲಿ ಮಕ್ಕಳಿಗೆ 'ನನ್ನ ಮೆಚ್ಚಿನ ರಜೆ' ಎಂದು ನಾಲ್ಕು ಮಾತು ಆಡಲು ಹೇಳಿದ್ದರು. ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಗುಂಡ ಅಭ್ಯಾಸ ಮಾಡುತ್ತಿದ್ದ. ಅವಳು ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದಳು.

"ನನ್ನ ಅಮ್ಮ ಈಗ ಇಲ್ಲ. ಆದರೆ ನನಗೆ ಅವಳ ನೆನಪು ಚೆನ್ನಾಗಿದೆ. ಅವಳು ಹಳದಿ ನಿಲುವಂಗಿ ಹಾಕಿಕೊಂಡು ಗಾಳಿಪಟ ಹಿಡಿದು ಓಡಿದಳು. ಕೆಸರಿನಲ್ಲಿ ಬಿದ್ದಳು. ಬಿದ್ದರೂ ಅಳಲಿಲ್ಲ, ನಕ್ಕಳು. ನಾನು ಅವಳ ಹೊಟ್ಟೆಯ ಮೇಲೆ ಕೂತಿದ್ದೆ."

ಸೂಜಿ ಬೆರಳಿಗೆ ಚುಚ್ಚಿತು. ಬಾಯಿಗೆ ಹಾಕಿಕೊಂಡು ಕನ್ನಡಿಯಲ್ಲಿ ಅವನನ್ನೇ ನೋಡಿದಳು. ಅವನ ಕಣ್ಣು ಹೊಳೆಯುತ್ತಿತ್ತು. ಅವನಿಗೆ ಎಲ್ಲವೂ ನೆನಪಿತ್ತು, ಅವಳ ನಗು, ಅವಳ ಹೊಟ್ಟೆ, ಅವಳ ಕೆಸರು. ಮುಖ ಮಾತ್ರ ಗೋಡೆಯ ಫೋಟೋದ್ದು.

ಅಂದಿನಿಂದ ಅವಳಿಗೆ ಶುರುವಾದದ್ದು ಎಂಥ ಸಂಕಟ ಎಂದು ಹೇಳುವುದು ಕಷ್ಟ. ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸರನ್ನು ನಾವು ನೋಡಿದ್ದೇವೆ. ಇವಳದ್ದು ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು. ಊಟಕ್ಕೆ ಕೂತಾಗ ಗುಂಡ "ಅಮ್ಮ ಹೀಗೆ ಮಾಡ್ತಿದ್ಲು" ಎಂದು ಶುರು ಮಾಡಿದರೆ ಇವಳು ಕಿವಿ ನಿಮಿರಿಸುವಳು. ಪ್ರತಿ ಸಲವೂ ಅದು ತಾನೇ. ಒಂದೇ ಒಂದು ಸಲ 'ಅದು ನಾನು ಕಣೋ' ಎಂದುಬಿಡಲೇ? ಬಾಯಿಯ ತನಕ ಬಂದದ್ದನ್ನು ಅನ್ನದ ಜೊತೆ ನುಂಗುವಳು. ಸತ್ತವಳು ಮನೆಯಲ್ಲಿ ದಿನದಿನಕ್ಕೆ ಮೈ ತುಂಬಿಕೊಳ್ಳುತ್ತಿದ್ದಳು, ಬದುಕಿರುವವಳು ತೆಳ್ಳಗಾಗುತ್ತಿದ್ದಳು. ಕನ್ನಡಿಯ ಮುಂದೆ ನಿಂತರೆ ತಾನೇ ಈ ಮನೆಯ ದೆವ್ವವೇನೋ ಎನಿಸುತ್ತಿತ್ತು.

ಈ ಸಲದ್ದು ಆ ಮನೆಯಲ್ಲಿ ಅವಳ ಆರನೆಯ ಬೇಸಿಗೆ ರಜೆ. ಗುಂಡನಿಗೆ ಎಂಟು, ದೊಡ್ಡವಳಿಗೆ ಹದಿನಾಲ್ಕು. ಚೀಲ ಒಗೆದು ಹಗ್ಗಕ್ಕೆ ಹಾಕುತ್ತಿರುವಾಗ ದೊಡ್ಡವಳು ಅವಳತ್ತ ನೋಡದೆ ಹೇಳಿದಳು.

"ಅಮ್ಮನ ಹಳದಿ ನಿಲುವಂಗಿ ನಂಗೆ ಕೊಡಿ ಚಿಕ್ಕಿ. ಈ ಸಲ ಕೆರೆಗೆ ನಾನು ಹಾಕ್ಕೋತೀನಿ."

"ಅದು ಸ್ವಲ್ಪ ಸಡಿಲ ಆಗುತ್ತೆ. ಹಿಡಿದು ಕೊಡ್ತೀನಿ ಇರು."

"ಅಮ್ಮನ ಅಳತೆಗೇ ಹಿಡೀರಿ," ಎಂದಳು ಹುಡುಗಿ. ದನಿಯಲ್ಲಿ ಕೋಪವಿರಲಿಲ್ಲ. ಆದರೆ ಐದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಬೀಗ ತೆಗೆದಂತೆ ಇತ್ತು.

ಅಂಗಡಿಯಲ್ಲಿ ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಆ ಕಡು ಹಳದಿ ಪಟ್ಟಿಗಳು ಇಷ್ಟು ವರ್ಷಕ್ಕೆ ತುಸು ಮಾಸಿದ್ದವು. ಬೆಳಕಿಗೆ ಹಿಡಿದರೆ ಹಳೆಯ ಸೂಜಿಯ ತೂತುಗಳ ಸಾಲು ಇನ್ನೂ ಹಾಗೇ ಕಾಣುತ್ತಿತ್ತು, ತೋಳಿನ ಕೆಳಗಿನಿಂದ ಸೊಂಟದ ತನಕ. ಬಟ್ಟೆ ಯಾವುದನ್ನೂ ಮರೆಯುವುದಿಲ್ಲ, ಅದೇ ಅದರ ಕೆಟ್ಟ ಬುದ್ಧಿ. ಆ ತೂತುಗಳ ಮೇಲೆಯೇ ಸೂಜಿ ನಡೆಸಿದಳು. ಗುರುತು ಹಾಕುವ ಸೀಮೆಸುಣ್ಣವೂ ಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡವಳು ಅದನ್ನು ತೊಟ್ಟು ಕೋಣೆಯಿಂದ ಹೊರಬಂದಾಗ ಗಂಡನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ಎದ್ದು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದ. ಫೋಟೋದವಳೇ ಗೋಡೆ ಬಿಟ್ಟು ಇಳಿದು ಬಂದಂತಿತ್ತು. ಆದರೆ ಗುಂಡ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಮೂಗು ಮುರಿದ.

"ಚೆನ್ನಾಗಿದೆ. ಆದ್ರೆ ಅಮ್ಮ ಹೀಗಿರಲಿಲ್ಲ. ಅಮ್ಮ ಇನ್ನೂ ದಪ್ಪ ಇದ್ಲು."

ದೊಡ್ಡವಳು ಫೋಟೋ ನೋಡಿದಳು, ತಮ್ಮನನ್ನು ನೋಡಿದಳು, ಕೊನೆಗೆ ಚಿಕ್ಕಿಯನ್ನು ನೋಡಿದಳು. ತಮ್ಮನ ಮನಸ್ಸಿನಲ್ಲಿರುವ ಅಮ್ಮನ ಮೈಯೂ ಚಿಕ್ಕಿಯದೇ ಎಂದು ಹುಡುಗಿಗೆ ಆ ಕ್ಷಣದಲ್ಲೇ ಅರ್ಥವಾಯಿತು. ಚಿಕ್ಕಿ ಬುತ್ತಿ ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದಳು.

ಕೆರೆದಂಡೆಯಲ್ಲಿ ರಜೆಗೆ ಬಂದ ಮನೆಗಳೇ ಮನೆಗಳು. ಒಬ್ಬರು ಚೆಂಡು ಎಸೆಯುತ್ತಿದ್ದರು, ಇನ್ನೊಬ್ಬರು ಮಗುವನ್ನು ನೀರಿನಿಂದ ಎಳೆದು ತಲೆ ಒರೆಸುತ್ತಿದ್ದರು. ಇವರು ಮರದ ಕೆಳಗೆ ಚಾಪೆ ಹಾಸಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಬಿಚ್ಚಿಟ್ಟರು. ಗಂಡ ದಾರದ ಗಂಟು ಬಿಡಿಸುತ್ತ ಕೂತ. ಗಾಳಿ ಸಾಲದೆ ಪಟ ಎರಡು ಸಲ ನೆಲ ಕಚ್ಚಿತು. ಗುಂಡ ಅದನ್ನು ಎತ್ತಿಕೊಂಡು ಬಂದು ಒಂದು ಜಾಗ ತೋರಿಸಿದ.

"ಅಮ್ಮ ಬಿದ್ದದ್ದು ಇಲ್ಲೇ. ಅಲ್ವಾ ಅಪ್ಪಾ?"

"ನಾನು ಅವತ್ತು ಡ್ಯೂಟಿಯಲ್ಲಿದ್ದೆ ಮಗ," ಎಂದ ಗಂಡ, ಗಂಟಿನಿಂದ ಕಣ್ಣೆತ್ತದೆ.

"ಅದು ಅಮ್ಮ ಅಲ್ಲ ಗುಂಡ," ಎಂದಳು ದೊಡ್ಡವಳು.

"ಅಮ್ಮನೇ. ನಂಗೆ ಸರಿಯಾಗಿ ನೆನಪಿದೆ."

"ಅಮ್ಮ ಯಾವತ್ತೂ ಓಡ್ಲಿಲ್ಲ ಕಣೋ!" ಹುಡುಗಿಯ ದನಿ ಒಡೆಯಿತು. "ನಾಲ್ಕು ಹೆಜ್ಜೆ ಇಟ್ರೆ ಅವಳಿಗೆ ಏದುಸಿರು. ನೀನು ಹುಟ್ಟಿದ ಮೇಲೆ ಎದೆ ಕಾಯಿಲೆ ಬಂದು ಮಲಗಿಬಿಟ್ಲು. ಈ ಕೆರೆಗೆ ಅವಳು ಬಂದದ್ದು ಒಂದೇ ಸಲ, ಆ ಫೋಟೋ ತೆಗೆಸಿಕೊಳ್ಳೋಕೆ. ನೀನು ಹೇಳ್ತಾ ಹೇಳ್ತಾ ನಂಗೂ ಓಡೋ ಅಮ್ಮನೇ ಕಾಣ್ತಾಳೆ ಈಗ. ನಮ್ಮಮ್ಮ ಹೇಗಿದ್ಲು ಅನ್ನೋದೇ ಮರ್ತುಹೋಗ್ತಿದೆ ನಂಗೆ."

"ಮತ್ತೆ ಆ ನೋಟ್‌ಬುಕ್?" ಎಂದು ಕೇಳಿದವಳು ಚಿಕ್ಕಿ. ಕೇಳಬಾರದಿತ್ತು, ಬಾಯಿ ಮೀರಿ ಬಂತು.

"ಅದು ಹಾಸಿಗೆ ಮೇಲೆ ಕೂತು ಬರೆದದ್ದು. ವಾಸಿ ಆದ ಮೇಲೆ ಮಾಡೋಣ ಅಂತ. ಅದರಲ್ಲಿರೋದು ಒಂದೂ ಮಾಡ್ಲಿಲ್ಲ ಅವಳು."

ಗಂಡನ ಕೈಯಿಂದ ದಾರದ ಉಂಡೆ ಉರುಳಿತು. 'ಇದರ ಪ್ರಕಾರ ನಡೀತಿತ್ತು' ಎಂದವನು ಅವನೇ. ದಿನವಿಡೀ ಲಿಫ್ಟಿನ ಗುಂಡಿಯೊಳಗೆ ಇಳಿದು ಕೂರುವ ಮನುಷ್ಯ, ಮನೆಯಲ್ಲಿ ಏನು ನಡೆಯುತ್ತಿತ್ತೋ ಅವನಿಗೇನು ಗೊತ್ತು? ಬರೆದಿದ್ದಾಳೆ ಅಂದಮೇಲೆ ಹಾಸಿಗೆ ಹಿಡಿಯುವ ಮೊದಲು ಮಾಡಿಯೇ ಇರಬೇಕು ಎಂದುಕೊಂಡಿದ್ದ. ಅವನನ್ನು ಬೈಯೋಣವೆಂದರೆ ಅವನ ಮುಖ ನೋಡಿ ಬೈಯಲು ಬಾಯಿ ಬರುವಂತಿರಲಿಲ್ಲ.

ಅವಳಿಗೋ ನೆತ್ತಿಯ ಮೇಲೆ ಬಿಸಿಲಿದ್ದರೂ ಬೆನ್ನು ತಣ್ಣಗಾಯಿತು. ಐದು ವರ್ಷ ತಾನು ಹೊಲಿದದ್ದು ಯಾರೂ ಎಂದೂ ತೊಡದ ಬಟ್ಟೆಯ ಅಳತೆಗೆ. ಸಾಯುವವಳೊಬ್ಬಳು ಆಸೆಪಟ್ಟು ಬರೆದಿಟ್ಟ ಓಟವನ್ನು ಇವಳು ಓಡಿದ್ದಳು, ಅವಳ ಹಾರಾಟ ಹಾರಿದ್ದಳು, ಅವಳಿಗೆ ಸಿಗದೆ ಹೋದ ರಜೆಗಳನ್ನೆಲ್ಲ ಅವಳ ಅಂಗಿಯೊಳಗೆ ಕೂತು ಅನುಭವಿಸಿದ್ದಳು. ಕುತ್ತಿಗೆಯ ಹಿಂದಿನ ಆ ಉಸಿರು ಏದುಸಿರಾಗಿತ್ತೇ? ಆ ಯೋಚನೆ ಬಂದದ್ದೇ ಅವಳು ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ಬಿದ್ದದ್ದು ಯಾರು?" ಗುಂಡ ಕೇಳುತ್ತಿದ್ದ. "ಅಕ್ಕಾ, ಯಾರು ಬಿದ್ದದ್ದು?"

ದೊಡ್ಡವಳು ಚಿಕ್ಕಿಯ ಕಡೆ ನೋಡಿದಳು, ಮಾತು ನಿಮ್ಮದು ಎನ್ನುವಂತೆ. ಇಷ್ಟು ದಿನ ಬಾಯಿಯ ತನಕ ಬಂದು ಹೋಗುತ್ತಿದ್ದ ಶಬ್ದ ಕೊನೆಗೂ ಹೊರಬಂತು.

"ನಾನು," ಎಂದಳು.

ಗುಂಡ ಅವಳನ್ನು ನೋಡಿದ. ಅವನು ಅಳುತ್ತಾನೆಂದುಕೊಂಡಿದ್ದಳು, ಅಥವಾ ಅವಳ ಹುಚ್ಚು ಆಸೆಯಲ್ಲಿ, ನಗುತ್ತಾನೆ. ಎರಡೂ ಆಗಲಿಲ್ಲ. ಅವನು ಪಟವನ್ನು ನೆಲಕ್ಕಿಟ್ಟು ಚಾಪೆಯ ಮೇಲೆ ಅವಳೆದುರು ಕಾಲು ಮಡಿಚಿ ಕೂತ, ಕಳೆದುಹೋದ ಸಾಮಾನು ಹುಡುಕುವ ಮುಖ ಮಾಡಿಕೊಂಡು.

"ದೋಣಿ ಮುಳುಗಿ ಹಾಡು ಹಾಡಿದ್ದು?"

"ನಾನು."

"ಎಲೆ ರಾಶಿಯೊಳಗೆ ನನ್ನ ಹುಡುಕಿದ್ದು, ಕಂಡ್ರೂ ಕಾಣದ ಹಾಗೆ?"

"ಅದೂ ನಾನೇ."

"ಚೀಲದಲ್ಲಿ ನೊರೆ ತುಂಬಿ ನನ್ನ ತಲೆ ಮೇಲೆ ಸುರಿದದ್ದು?"

"ಹೂಂ."

ಒಂದೊಂದು 'ನಾನು' ಹೊರಬಂದಾಗಲೂ ಹುಡುಗನ ಮುಖ ಒಂದಷ್ಟು ಖಾಲಿಯಾಗುತ್ತಿತ್ತು. ಬೇಕು ಬೇಕೆಂದು ಒದ್ದಾಡಿದ್ದ ಮಾತು ಇದೇ. ಈಗ ನೋಡಿದರೆ ಒಂದೊಂದು ಸಲ ಹೇಳಿದಾಗಲೂ ಅವನ ತಾಯಿಯನ್ನು ಒಂದೊಂದು ಜಾಗದಿಂದ ಎಬ್ಬಿಸಿ ಕಳಿಸಿದಂತಾಗುತ್ತಿತ್ತು. ಅವಳಿಗೆ ತಡೆಯಲಾರದಷ್ಟು ನೋವಾಯಿತು.

"ಹಾಗಾದ್ರೆ ನಂಗೆ ಅಮ್ಮನ ನೆನಪೇ ಇಲ್ವಾ?" ಎಂದ ಗುಂಡ, ತೀರ ಮೆಲ್ಲಗೆ. ಅವಳನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ. ದೊಡ್ಡವಳು ಬಾಯಿಗೆ ಕೈ ಒತ್ತಿಕೊಂಡಳು. ತನ್ನ ತಾಯಿಯನ್ನು ತಾನು ಉಳಿಸಿಕೊಳ್ಳಲು ಹೋಗಿ ತಮ್ಮನ ಕೈಯಿಂದ ಕಿತ್ತುಕೊಂಡೆನೆಂದು ಹುಡುಗಿಗೆ ಆಗ ಹೊಳೆದಿರಬೇಕು.

ಗುಂಡ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹುಡುಕಿದ.

"ಇನ್ನೊಂದಿದೆ. ಗುಡುಗು ಬರ್ತಿತ್ತು. ಕತ್ತಲೆ ಕತ್ತಲೆ. ಯಾವುದೋ ಮೇಜಿನ ಕೆಳಗೆ. ನನ್ನ ಕಿವಿ ಮೇಲೆ ಎರಡು ಕೈ ಇತ್ತು, ಬಿಸಿ ಇತ್ತು. ಮಿಂಚು ಬಂದ ಮೇಲೆ ಗುಡುಗು ಬರೋ ತನಕ ಎಣಿಸ್ತಿದ್ರು. ಹೊಸ ಬಟ್ಟೆ ವಾಸನೆ." ಅವನು ತಲೆಯೆತ್ತಿದ. "ಮುಖ ಕಾಣ್ಲಿಲ್ಲ. ಅದೂ ನೀವೇನಾ ಚಿಕ್ಕಿ?"

ಅವನಿಗೆ ಅದು ನೆನಪಿದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನಿಗೆ ಮೂರೂವರೆ ಆಗ. ನಡುಮಧ್ಯಾಹ್ನವೇ ಕತ್ತಲಾಗಿ ಸಿಡಿಲು ಹೊಡೆದ ದಿನ, ಅಂಗಡಿಯಲ್ಲಿ ಇಬ್ಬರೇ. ಹುಟ್ಟಿದಾಗಿನಿಂದ ಅವಳಿಗೆ ಗುಡುಗೆಂದರೆ ಪ್ರಾಣಭಯ, ಯಾರಿಗೂ ಗೊತ್ತಿಲ್ಲ. ಮಗುವನ್ನು ಎಳೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತೂರಿ, ಅವನ ಕಿವಿ ಮುಚ್ಚಿ, ತನ್ನ ಹೆದರಿಕೆಗೆ ತಾನೇ ಗಟ್ಟಿಯಾಗಿ ಎಣಿಸಿದ್ದಳು. ಒಂದು ಸಲ ಹನ್ನೊಂದರ ತನಕ ಹೋಯಿತು ಎಣಿಕೆ, ಆಮೇಲೆ ಗುಡುಗು ದೂರವಾಯಿತು. ಮಗು ಅವಳ ಕೈಗಳ ನಡುವೆಯೇ ನಿದ್ದೆಹೋಗಿತ್ತು. ಎಚ್ಚರವಾದೀತೆಂದು ಒಂದು ಗಂಟೆ ಕೈ ಅಲುಗಿಸದೆ ಕೂತಿದ್ದಳು. ಗಿರಾಕಿಗಳು ಬಂದು ಕೂಗಿ ಹಿಂದಿರುಗಿದರು. ಅಂದು ಅವಳು ತೊಟ್ಟದ್ದು ನೂಲು ಅಂಟಿದ ತನ್ನದೇ ಅಂಗಿ. ಯಾವ ನೋಟ್‌ಬುಕ್ಕಿನಲ್ಲೂ ಆ ದಿನ ಇರಲಿಲ್ಲ. ಅವರಿಬ್ಬರ ನಡುವೆ ಪೂರ್ತಿ ಅವಳದ್ದು ಎನ್ನುವುದು ಅದೊಂದೇ.

ಗುಂಡ ಕಾಯುತ್ತಿದ್ದ.

"ಇಲ್ಲ," ಎಂದಳು. "ಅದು ನಾನಲ್ಲ. ಅದು ನಿಮ್ಮಮ್ಮ."

"ಮತ್ತೆ ಹೊಸ ಬಟ್ಟೆ ವಾಸನೆ?"

ಅವಳು ಅಂಗಿಯ ತೋಳಿಗೆ ಅಂಟಿದ ನೂಲನ್ನು ಕೀಳತೊಡಗಿದಳು. ಅಷ್ಟರಲ್ಲಿ ದೊಡ್ಡವಳು ತಮ್ಮನ ಪಕ್ಕಕ್ಕೆ ಸರಿದು ಕೂತಳು.

"ಅಮ್ಮ ಅವತ್ತು ನಿಂಗೆ ಹೊಸ ಅಂಗಿ ತರಿಸಿದ್ಲು," ಎಂದಳು. "ನೀಲಿದು. ಹಾಸಿಗೆಯಿಂದ ಎದ್ದು ಬಂದು ನಿನ್ನ ಕಿವಿ ಮುಚ್ಚಿದ್ಲು. ನಾನೂ ಮೇಜಿನ ಕೆಳಗೇ ಇದ್ದೆ."

ಅಂಥ ನೀಲಿ ಅಂಗಿ ಯಾವುದೂ ಇರಲಿಲ್ಲ. ಹುಡುಗಿ ಅವತ್ತು ಶಾಲೆಯಲ್ಲಿದ್ದಳು. ಅವರಿಬ್ಬರೂ ಗುಂಡನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಐದು ವರ್ಷದಲ್ಲಿ ದೊಡ್ಡವಳು ಅವಳ ಕಣ್ಣಿಗೆ ಕಣ್ಣು ಕೊಟ್ಟು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಗಂಡ ಏನೂ ತಿಳಿಯದೆ, ಅಥವಾ ತಿಳಿದೋ, ಹೌದೆಂದು ತಲೆಯಾಡಿಸಿದ.

ಗುಂಡನ ಮುಖಕ್ಕೆ ರಕ್ತ ಮರಳಿತು. "ನಂಗೊತ್ತಿತ್ತು," ಎಂದ. "ಅದೊಂದು ಬೇರೆ ಥರ ಇತ್ತು. ಅದು ಅಮ್ಮನೇ ಅಂತ ನಂಗೊತ್ತಿತ್ತು." ತನ್ನೆರಡು ಕೈಗಳನ್ನು ಎತ್ತಿ ಕಿವಿಗಳ ಮೇಲಿಟ್ಟು ಒತ್ತಿಕೊಂಡು, ಕಣ್ಣು ಮುಚ್ಚಿ, ಏನನ್ನೋ ಆಲಿಸುವವನಂತೆ ಕೂತ. ನೀರಿನ ಕಡೆಯಿಂದ ಬೇರೆ ಮನೆಯ ಮಕ್ಕಳ ಕೂಗಾಟ ಕೇಳುತ್ತಿತ್ತು. ಅವಳು ಮೊಟ್ಟೆಯ ಸಿಪ್ಪೆಗಳನ್ನು ಕಾಗದದಲ್ಲಿ ಒಟ್ಟುಮಾಡಿದಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ಅವಳ ಅಂಗಿಯ ತುದಿ ಎಳೆದ.

"ಚಿಕ್ಕಿ, ಅಮ್ಮ ಎಷ್ಟರ ತನಕ ಎಣಿಸಿದ್ಲು? ಅದೊಂದು ನೆನಪಾಗ್ತಿಲ್ಲ."

"ನಂಗೆ ಹೇಗೆ ಗೊತ್ತಾಗುತ್ತೆ ಮಗು," ಎಂದಳು ಅವಳು. "ನಾನು ಅಲ್ಲಿರಲಿಲ್ಲವಲ್ಲ."